ಮಹಾರಾಜರ ಕಾರು ಅಂದವರು ಯಾರು? ಒಂದು ಹಳೆಯ ರೋಲ್ಸ್‌ರಾಯ್ಸ್‌ನ ಮಾಲೀಕರ ಜಾಡು

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಕಾರಿನ ನಂಬರ್, ಚಾಸಿ ನಂಬರ್, ಊರುಗಳ ಹೆಸರು, ಬಾಡಿ ಕಟ್ಟಿದ ಕಂಪನಿಯ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಹಳೆಯ ರೋಲ್ಸ್‌ರಾಯ್ಸ್‌ಗಳ ಲೋಕ ಬಹಳ ಚಿಕ್ಕದು. ಬಾಡಿ ಕಟ್ಟಿದವರು ಯಾರು, ಯಾವ ಇಸವಿ ಅಂತ ಎರಡು ಮಾತು ಹೇಳಿದರೆ ಸಾಕು, ಅದು ಯಾವ ಕಾರು ಅಂತ ಯಾರೋ ಒಬ್ಬರು ಕಂಡುಹಿಡಿದುಬಿಡುತ್ತಾರೆ.

ನಾನು ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವವನು. ಹಳೆ ಕಾರುಗಳ ಕಾಗದಪತ್ರ ಹುಡುಕುವುದು ನನ್ನ ಹವ್ಯಾಸ. ಸ್ಪ್ಯಾನರ್ ಹಿಡಿಯಲು ಮಾತ್ರ ಬರುವುದಿಲ್ಲ.

ಹಿನ್ನೆಲೆ

ಗೆಳೆಯರೊಬ್ಬರು ಹಾಸನದ ಕಡೆಯವರು. ಇಲ್ಲೇ ವೈದ್ಯರಾಗಿ ಮೂವತ್ತು ವರ್ಷದ ಮೇಲಾಯಿತು. ಇಲ್ಲಿ ಅವರನ್ನು ಡಾಕ್ಟ್ರು ಅಂತಲೇ ಕರೆಯುತ್ತೇನೆ. ನಿವೃತ್ತಿ ಹತ್ತಿರ ಬಂದಾಗ ಅವರಿಗೆ ಒಂದು ಹಳೆಯ ರೋಲ್ಸ್‌ರಾಯ್ಸ್ ಕೊಳ್ಳುವ ಆಸೆ ಹುಟ್ಟಿತು. ಹುಡುಕುತ್ತಾ ಹುಡುಕುತ್ತಾ ಒಂದು 20/25 ಕಣ್ಣಿಗೆ ಬಿತ್ತು. 1933ರದ್ದು. ತೆರೆದ ಬಾಡಿ, ನಾಲ್ಕು ಸೀಟು, ಮಡಚುವ ಬಟ್ಟೆಯ ಹುಡ್. ನೋಡಲು ಭಾರಿ ಚೆಂದ.

20/25 ಬಗ್ಗೆ ಒಂದೆರಡು ಮಾತು. 1929ರಿಂದ 1936ರವರೆಗೆ ಬಂದ ಮಾದರಿ ಇದು. 3,669 ಸಿಸಿಯ ಆರು ಸಿಲಿಂಡರ್ ಎಂಜಿನ್. ಒಟ್ಟು 3,800ಕ್ಕೂ ಜಾಸ್ತಿ ತಯಾರಾದವು. ಅದೇ ಕಂಪನಿಯ ದೊಡ್ಡ ಕಾರು ಫ್ಯಾಂಟಮ್‌ನಷ್ಟು ದೊಡ್ಡದಲ್ಲ. ಡ್ರೈವರ್ ಇಲ್ಲದೆ ತಾವೇ ಓಡಿಸುವ ಡಾಕ್ಟರು, ವಕೀಲರು, ಮಿಲ್ ಮಾಲೀಕರೂ ಇದನ್ನು ಕೊಳ್ಳುತ್ತಿದ್ದರು.

ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್‌ರಾಯ್ಸ್ ಪೂರ್ತಿ ಕಾರು ಮಾರುತ್ತಿರಲಿಲ್ಲ. ಡರ್ಬಿಯ ಕಾರ್ಖಾನೆಯಿಂದ ಹೊರಗೆ ಬರುತ್ತಿದ್ದದ್ದು ಚಾಸಿ (ಅಂದರೆ ಕಾರಿನ ಅಡಿಯ ಕಬ್ಬಿಣದ ಚೌಕಟ್ಟು), ಎಂಜಿನ್, ರೇಡಿಯೇಟರ್ ಇಷ್ಟೇ. ಬಾಡಿಯನ್ನು ಗಿರಾಕಿ ಬೇರೆ ಕಡೆ ಕಟ್ಟಿಸಬೇಕಿತ್ತು. ಹೂಪರ್, ಬಾರ್ಕರ್, ಪಾರ್ಕ್ ವಾರ್ಡ್, ಥ್ರಪ್ ಅಂಡ್ ಮೇಬರ್ಲಿ ಹೀಗೆ ಹತ್ತಾರು ಕಂಪನಿಗಳು. ಕೆಲವರು ಕುದುರೆ ಸಾರೋಟಿನ ಕಾಲದಿಂದ ಅದೇ ಕಸುಬು ಮಾಡಿಕೊಂಡು ಬಂದವರು. ಆಶ್ ಮರದ ಅಸ್ಥಿಪಂಜರ, ಅದರ ಮೇಲೆ ಅಲ್ಯುಮಿನಿಯಂ ತಗಡು. ಇದು ನಮಗೆ ಹೊಸದೇನೂ ಅಲ್ಲ. ನಮ್ಮೂರಲ್ಲಿ ಲಾರಿಗೆ ಇವತ್ತಿಗೂ ಹೀಗೇ ತಾನೆ? ಚಾಸಿ ಕಂಪನಿಯದ್ದು, ಬಾಡಿ ಕಟ್ಟಿಸುವುದು ನಾವು. ಹತ್ತು ವರ್ಷಕ್ಕೆ ಬಾಡಿ ಹೋದರೆ ಅದೇ ಚಾಸಿಗೆ ಇನ್ನೊಂದು ಬಾಡಿ. ಡಾಕ್ಟ್ರಿಗೆ ಹೀಗೆ ಬಿಡಿಸಿ ಹೇಳಿದ್ದೂ ನಾನೇ. ಆಮೇಲೆ ಅದನ್ನು ಮರೆತವನೂ ನಾನೇ.

ಕಾರಿನ ಜೊತೆ ಬಂದ ಕಥೆ

ಮಾರುತ್ತಿದ್ದವರು ಒಬ್ಬ ಖಾಸಗಿ ವ್ಯಕ್ತಿ. ಕಾರು ಅವರ ತಂದೆಯದ್ದು. ತಂದೆ ತೀರಿಕೊಂಡಿದ್ದರು. ಕಾರಿನ ಜೊತೆ ಒಂದು ದಪ್ಪ ಫೈಲ್ ಇತ್ತು. ಅದರ ಮೊದಲ ಹಾಳೆ, ಟೈಪ್ ಮಾಡಿದ್ದು, ಹೀಗೆ ಹೇಳುತ್ತಿತ್ತು: ಈ ಕಾರು 1934ರಲ್ಲಿ ಇದೇ ನಂಬರ್ ಹೊತ್ತು ಹಡಗಿನಲ್ಲಿ ಭಾರತಕ್ಕೆ ಹೋಯಿತು, ಮೈಸೂರು ಮಹಾರಾಜರ ಬಳಿ ಕೆಲವು ವರ್ಷ ಇದ್ದು ವಾಪಸ್ ಬಂತು, ಅಂದಿನಿಂದ ಇಂದಿನವರೆಗೆ ಮೂರೇ ಮಾಲೀಕರು, ಬಾಡಿ ಮೂಲದ್ದೇ.

ಡಾಕ್ಟ್ರು ಅದನ್ನು ಓದಿದ ರಾತ್ರಿ ನನಗೆ ಫೋನ್ ಮಾಡಿದರು. "ಮೈಸೂರಿನ ಕಾರು ಕಣ್ರೀ! ಇಲ್ಲಿ ಬಂದು ನನಗೋಸ್ಕರ ಕಾಯ್ತಾ ಕೂತಿದೆ!" ಅಂದರು. ಚಿಕ್ಕವರಿದ್ದಾಗ ದಸರಾ ನೋಡಲು ಹೋದದ್ದು, ಅಪ್ಪನ ಹೆಗಲ ಮೇಲೆ ಕೂತಿದ್ದು ಎಲ್ಲ ಬಂತು. ನನಗೂ ರೋಮಾಂಚನವಾಯಿತು ಅಂತ ಒಪ್ಪಿಕೊಳ್ಳಬೇಕು. ಭಾರತದ ರಾಜರು ನೂರಾರು ರೋಲ್ಸ್‌ರಾಯ್ಸ್ ಕೊಂಡಿದ್ದು ನಿಜ. ಮೈಸೂರು ಅರಮನೆಯಲ್ಲೂ ಅವು ಇದ್ದದ್ದು ನಿಜ. 1934ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸಿಂಹಾಸನದಲ್ಲಿದ್ದರು. ಕಥೆಯಲ್ಲಿ ಅಸಾಧ್ಯ ಅನ್ನುವಂಥದ್ದು ಏನೂ ಇರಲಿಲ್ಲ. ಅಪಾಯ ಇದ್ದದ್ದು ಅಲ್ಲೇ.

ಈ ಕಥೆಯ ಕಾರಣಕ್ಕೆ ಬೆಲೆ ಜಾಸ್ತಿ ಇತ್ತು. ಡಾಕ್ಟ್ರು ಒಂದಿಷ್ಟು ಮುಂಗಡ ಕೊಟ್ಟು, ದಾಖಲೆ ನೋಡಿಕೊಳ್ಳಲು ಎರಡು ತಿಂಗಳ ಸಮಯ ಕೇಳಿದರು. ಕಥೆ ಸುಳ್ಳಾದರೆ ಮುಂಗಡ ವಾಪಸ್ ಅಂತ ಒಂದು ಸಾಲು ಬರೆಸಿಕೊಂಡರು. ಇಡೀ ವ್ಯವಹಾರದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದು. ಅದು ನನ್ನ ಸಲಹೆಯಲ್ಲ, ಅವರ ಹೆಂಡತಿಯದ್ದು.

ಮೊದಲ ಪ್ರಯತ್ನ, ಮೊದಲ ತಪ್ಪು

ಮೂರು ವಾರ ನಾನು ತಪ್ಪು ದಿಕ್ಕಿನಲ್ಲಿ ಓಡಿದೆ. ಮೈಸೂರಿನಲ್ಲಿ ಪರಿಚಯದವರಿಗೆಲ್ಲ ಪತ್ರ ಬರೆದೆ. ಹಳೆಯ ಫೋಟೋಗಳನ್ನು ತರಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದೆ. ಮೆರವಣಿಗೆಯ ಫೋಟೋ ಒಂದರ ಮೂಲೆಯಲ್ಲಿ ತೆರೆದ ಕಾರಿನ ಅರ್ಧ ಮಡ್‌ಗಾರ್ಡ್ ಕಂಡಿತು. "ಇದೇ ಇರಬೇಕು ಅಲ್ವಾ?" ಅಂದರು ಡಾಕ್ಟ್ರು. "ಇರಬಹುದು" ಅಂದೆ. ಆ ಒಂದು ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಅರ್ಧ ಮಡ್‌ಗಾರ್ಡ್ ನೋಡಿ ಯಾವ ಕಾರು ಅಂತ ದೇವರೂ ಹೇಳಲಾರ.

ಕಾರನ್ನು ಪರೀಕ್ಷೆ ಮಾಡುವ ಬದಲು ನಾನು ಕಥೆಗೆ ಸಾಕ್ಷಿ ಹುಡುಕುತ್ತಿದ್ದೆ. ಕಥೆಯಿಂದ ಶುರು ಮಾಡಿದರೆ ಸಿಕ್ಕಿದ್ದೆಲ್ಲ ಕಥೆಗೆ ಹೊಂದಿಕೊಂಡುಬಿಡುತ್ತದೆ. ಮೈಸೂರಿನ ಹಿರಿಯರೊಬ್ಬರು ಉತ್ತರದಲ್ಲಿ, "ಮೊದಲು ಚಾಸಿ ನಂಬರ್ ಕಳಿಸಪ್ಪ, ಆಮೇಲೆ ಮಹಾರಾಜರ ವಿಚಾರ ಮಾತಾಡೋಣ" ಅಂತ ಬರೆದರು. ಸರಿಯಾಗಿ ತಟ್ಟಿತು.

ಕಬ್ಬಿಣ ಹೇಳಿದ್ದು

ಒಂದು ಶನಿವಾರ ಡಾಕ್ಟ್ರು, ನಾನು, ಮತ್ತು ಇಂಥ ಕಾರುಗಳನ್ನೇ ರಿಪೇರಿ ಮಾಡುತ್ತಾ ಮುದುಕರಾದ ಒಬ್ಬ ಮೆಕ್ಯಾನಿಕ್ ಕಾರಿನ ಬಳಿ ಹೋದೆವು. ಎಂಜಿನ್ ಹಿಂದಿನ ಗೋಡೆಯ ಮೇಲೆ ತಟ್ಟೆಯಿತ್ತು. ಅದರಲ್ಲಿ ಚಾಸಿ ನಂಬರ್. ಜಿ ಅಕ್ಷರದಿಂದ ಶುರುವಾಗುವ ಮೂರು ಅಕ್ಷರ, ಆಮೇಲೆ ಅಂಕಿ. 20/25ಗಳೆಲ್ಲ ಹೀಗೇ. (13 ಅನ್ನುವ ಅಂಕಿಯನ್ನು ಕಂಪನಿ ಬಿಟ್ಟುಬಿಡುತ್ತಿತ್ತು. ಶಕುನ ನೋಡುವುದು ನಾವು ಮಾತ್ರ ಅಂದುಕೊಳ್ಳಬೇಡಿ.) ತಟ್ಟೆ ನಾಲ್ಕು ತಿರುಪು ಬಿಚ್ಚಿದರೆ ಬರುತ್ತದೆ, ಅದನ್ನೇ ನಂಬುವಂತಿಲ್ಲ. ಚೌಕಟ್ಟಿನ ಮೇಲೆ ಬಡಿದ ನಂಬರ್ ಬೇಕು. ಬಣ್ಣ ಕೆರೆದು ನೋಡಿದೆವು. ಎರಡೂ ಒಂದೇ. ಎಂಜಿನ್ ನಂಬರ್ ಕೂಡ ಬರೆದುಕೊಂಡೆವು.

ಮುದುಕ ಮೆಕ್ಯಾನಿಕ್ ಆಮೇಲೆ ಬಾಗಿಲಿನ ಒಳಗಿನ ಹೊದಿಕೆ ಸ್ವಲ್ಪ ಎತ್ತಿ, ಟಾರ್ಚ್ ಬಿಟ್ಟು, ನಕ್ಕರು. ಮರದ ಚೌಕಟ್ಟನ್ನು ಕೂಡಿಸಿದ್ದು ಸ್ಟಾರ್ ಸ್ಕ್ರೂಗಳಿಂದ. 1933ರ ಇಂಗ್ಲಿಷ್ ಬಡಗಿ ಹಾಕುತ್ತಿದ್ದದ್ದು ಒಂದೇ ಗೀರಿನ ಸ್ಕ್ರೂ. ಸ್ಟಾರ್ ಸ್ಕ್ರೂ ಕಾರು ಕಾರ್ಖಾನೆಗಳಿಗೆ ಬಂದದ್ದೇ 1930ರ ದಶಕದ ಕೊನೆಯ ಅರ್ಧದಲ್ಲಿ, ಅದೂ ಅಮೆರಿಕದಲ್ಲಿ. ನೆಲದ ಹಲಗೆಯೂ ಹೊಸ ಕಾಲದ ಪ್ಲೈವುಡ್. ಬಾಡಿ ಕಟ್ಟಿದವರ ತಟ್ಟೆ ಎಲ್ಲೂ ಇರಲಿಲ್ಲ.

ಚಾಸಿಯ ಹಿಂಭಾಗದಲ್ಲಿ ಇನ್ನೊಂದು ವಿಚಿತ್ರ ಇತ್ತು. ಎಂದೋ ಕೊರೆದು, ಎಂದೋ ಮುಚ್ಚಿದ ತೂತುಗಳ ಸಾಲು. ಯಾಕೆ ಅಂತ ಅವತ್ತು ಮೂವರಿಗೂ ಗೊತ್ತಾಗಲಿಲ್ಲ. ಫೋಟೋ ತೆಗೆದಿಟ್ಟುಕೊಂಡೆ.

ನಂಬರ್ ಹೇಳಿದ್ದು

ಈಗ ಎರಡು ಕಡೆ ಬರೆದೆ. ಒಂದು, ನಾರ್ಥಾಂಪ್ಟನ್‌ಶೈರ್‌ನಲ್ಲಿರುವ ರೋಲ್ಸ್‌ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್‌ಗೆ. ಹಳೆಯ ಚಾಸಿಗಳ ಕಾರ್ಖಾನೆ ದಾಖಲೆ ಅಲ್ಲಿದೆ. ಇನ್ನೊಂದು, ಕಾರಿನ ಮೇಲೆ ಈಗಿರುವ ನಂಬರ್ ಯಾವ ಕೌಂಟಿಯ (ನಮ್ಮ ಜಿಲ್ಲೆಯ ಥರ) ಸರಣಿಯದ್ದೋ ಆ ಕೌಂಟಿಯ ದಾಖಲೆ ಕಚೇರಿಗೆ. ಆಗೆಲ್ಲ ಬ್ರಿಟನ್ನಿನಲ್ಲಿ ನಂಬರ್ ಕೊಡುತ್ತಿದ್ದದ್ದು ಆಯಾ ಕೌಂಟಿಯವರು. ಎಲ್ಲವನ್ನೂ ಸ್ವಾನ್ಸಿಯ ಒಂದೇ ಕಚೇರಿಗೆ ತಂದದ್ದು 1970ರ ದಶಕದಲ್ಲಿ. ಆಗ ಎಷ್ಟೋ ಕೌಂಟಿಗಳು ಹಳೆಯ ರಿಜಿಸ್ಟರ್‌ಗಳನ್ನು ಎಸೆದುಬಿಟ್ಟವು. ಕೆಲವರು ಇಟ್ಟುಕೊಂಡರು.

ಕೌಂಟಿಯ ಉತ್ತರ ಮೊದಲು ಬಂತು. ಎರಡೇ ಸಾಲು. ಆ ಸರಣಿಯಲ್ಲಿ ತಾವು ಕೊಟ್ಟ ಕೊನೆಯ ನಂಬರ್‌ಗಿಂತ ನೀವು ಕೇಳಿದ ನಂಬರ್ ದೊಡ್ಡದು, ಆ ನಂಬರ್ ಆ ಕಾಲದಲ್ಲಿ ಯಾವ ವಾಹನಕ್ಕೂ ಹೋಗಿಲ್ಲ.

ನಾನು ಆ ಪತ್ರವನ್ನು ನಾಲ್ಕು ಸಲ ಓದಿದೆ. ಆಮೇಲೆ ಗುಟ್ಟು ಬಿಚ್ಚಿತು. ಹಳೆಯ ವಾಹನಗಳನ್ನು ಸ್ವಾನ್ಸಿಯ ಪಟ್ಟಿಗೆ ಸೇರಿಸಲು 1983ರ ನವೆಂಬರ್ ಕೊನೆಯ ಗಡುವು ಇತ್ತು. ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ ಎಷ್ಟೋ ಕಾರುಗಳು ಆ ಗಡುವು ತಪ್ಪಿಸಿಕೊಂಡವು, ಜೊತೆಗೆ ತಮ್ಮ ನಂಬರನ್ನೂ ಕಳೆದುಕೊಂಡವು. ಮುಂದೆ ಅಂಥ ಕಾರು ರಸ್ತೆಗೆ ಬಂದಾಗ ಅದರ ವಯಸ್ಸಿಗೆ ಒಪ್ಪುವ ಹಳೆಯ ಸರಣಿಯಿಂದ, ಯಾರಿಗೂ ಕೊಡದೆ ಉಳಿದ ನಂಬರ್ ಒಂದನ್ನು ಕೊಡುತ್ತಾರೆ. ನೋಡಲು ಮೂವತ್ತರ ದಶಕದ ನಂಬರ್. ಹುಟ್ಟಿದ್ದು ಎಂಬತ್ತರ ದಶಕದಲ್ಲಿ.

ಈಗ ಟೈಪ್ ಮಾಡಿದ ಹಾಳೆಯನ್ನು ಮತ್ತೆ ತೆಗೆದೆ. 1934ರಲ್ಲಿ "ಇದೇ ನಂಬರ್ ಹೊತ್ತು" ಹಡಗು ಹತ್ತಿತಂತೆ. ಆ ನಂಬರ್ ಆಗ ಈ ಭೂಮಿಯ ಮೇಲೇ ಇರಲಿಲ್ಲ. ಅಂದರೆ ಆ ಹಾಳೆ ಬರೆದದ್ದು ನಂಬರ್ ಸಿಕ್ಕಿದ ಮೇಲೆ. ಬರೆದವರಿಗೆ ಹಳೆಯ ನಂಬರ್ ಏನು ಅಂತ ಗೊತ್ತಿರಲಿಲ್ಲ. ಹಳೆಯ ನಂಬರೇ ಗೊತ್ತಿಲ್ಲದವರಿಗೆ ಹಡಗಿನ ವಿಷಯ ಹೇಗೆ ಗೊತ್ತು?

ಎರಡು ವಾರ ಬಿಟ್ಟು ಕ್ಲಬ್‌ನಿಂದ ಚಾಸಿ ಕಾರ್ಡಿನ ಪ್ರತಿ ಬಂತು. ಈ ಕಾರ್ಡುಗಳು ಒಂದು ನಿಧಿ. ಮೊದಲ ಗಿರಾಕಿ ಯಾರು, ಬಾಡಿ ಯಾರದ್ದು, ಯಾವ ಬಗೆಯದ್ದು, ಕಾರನ್ನು ಎಲ್ಲಿ ಓಡಿಸುತ್ತಾರೆ ಎಲ್ಲ ಇರುತ್ತದೆ. ಊರೊಳಗೆ ಮಾತ್ರವೋ, ದೂರ ಪ್ರವಾಸಕ್ಕೋ, ಎಷ್ಟು ಜನ, ಎಷ್ಟು ಲಗೇಜು ಅಂತ ಕೇಳಿಕೊಂಡು ಅದಕ್ಕೆ ತಕ್ಕ ಸ್ಪ್ರಿಂಗ್ ಪಟ್ಟಿ ಹಾಕುತ್ತಿದ್ದರು. ಹೊರದೇಶಕ್ಕೆ ಹೋಗುವ ಕಾರಾದರೆ ಅದೂ ಕಾರ್ಡಿನಲ್ಲಿ ಇರುತ್ತದೆ.

ನಮ್ಮ ಕಾರ್ಡಿನಲ್ಲಿ ಇದ್ದದ್ದು: ಉತ್ತರ ಇಂಗ್ಲೆಂಡಿನ ಒಂದು ಜವಳಿ ಊರಿನ ವಿಧವೆ. ಮುಚ್ಚಿದ ಲಿಮೋಸಿನ್ ಬಾಡಿ. ಹೆಚ್ಚಾಗಿ ಊರೊಳಗೆ ಓಡಾಟ. ಎಂಜಿನ್ ನಂಬರ್ ತಾಳೆಯಾಯಿತು. ಮತ್ತು ಒಂದು ರಿಜಿಸ್ಟ್ರೇಷನ್ ನಂಬರ್, ಈಗಿನದ್ದಲ್ಲ, ಬೇರೆಯದ್ದು. ಭಾರತದ ಸುದ್ದಿ ಒಂದಕ್ಷರವೂ ಇಲ್ಲ.

ಡಾಕ್ಟ್ರು ಕಾರ್ಡನ್ನು ಟೇಬಲ್ ಮೇಲಿಟ್ಟು ಬಹಳ ಹೊತ್ತು ಸುಮ್ನೆ ಕೂತರು. "ಹಾಗಾದ್ರೆ ಮೈಸೂರು?" ಅಂದರು. "ಇಲ್ಲ ಡಾಕ್ಟ್ರೇ" ಅಂದೆ.

ಹೆಣದ ಗಾಡಿ

ಹಳೆಯ ನಂಬರ್ ಸಿಕ್ಕಿದ ಮೇಲೆ ದಾರಿ ಸುಲಭವಾಯಿತು. ಆ ನಂಬರ್ ಕೊಟ್ಟ ಪ್ರಾಧಿಕಾರದ ರಿಜಿಸ್ಟರ್ ಅದೃಷ್ಟಕ್ಕೆ ಉಳಿದಿತ್ತು. ಎಲ್ಲ ಕಡೆ ಚಾಸಿ ನಂಬರ್ ಬರೆದಿಡುತ್ತಿರಲಿಲ್ಲ, ಇವರು ಬರೆದಿದ್ದರು. 1933ರಲ್ಲಿ ಆ ವಿಧವೆ. 1938ರಲ್ಲಿ ಅದೇ ಊರಿನ ಒಬ್ಬ ವ್ಯಾಪಾರಿ. ಆಮೇಲೆ ಯುದ್ಧ. 1939ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ರೇಷನ್ ಬಂತು, 1942ರಲ್ಲಿ ಖಾಸಗಿ ಓಡಾಟಕ್ಕೆ ಕೊಡುತ್ತಿದ್ದ ಪಾಲೂ ನಿಂತಿತು. ದೊಡ್ಡ ಕಾರುಗಳೆಲ್ಲ ಇಟ್ಟಿಗೆಯ ಮೇಲೆ ಕೂತವು. 1947ರಲ್ಲಿ ಮೂರನೇ ಹೆಸರು: ಶವಸಂಸ್ಕಾರದ ಒಂದು ಸಂಸ್ಥೆ. ಬಾಡಿಯ ಬಗೆ ಎದುರು ಹಳೆಯದನ್ನು ಹೊಡೆದುಹಾಕಿ ಬರೆದಿದ್ದರು: ಹೆಣದ ಗಾಡಿ.

ಚಾಸಿಯ ಹಿಂದಿನ ತೂತುಗಳು ಆಗ ಮಾತಾಡಿದವು.

ಇದು ಅಪರೂಪದ ಸಂಗತಿಯಲ್ಲ. ಯುದ್ಧದ ನಂತರ ಹಳೆಯ ರೋಲ್ಸ್‌ರಾಯ್ಸ್ ಅಗ್ಗವಾಗಿತ್ತು. ಎಂಜಿನ್ ಸದ್ದಿಲ್ಲದೆ ನಡಿಗೆಯ ವೇಗದಲ್ಲಿ ಬಿಸಿಯಾಗದೆ ಓಡುತ್ತದೆ. ಶವಯಾತ್ರೆಗೆ ಬೇಕಾದದ್ದು ಅದೇ ಅಲ್ವಾ? ಹಾಗಾಗಿ ಎಷ್ಟೋ ಲಿಮೋಸಿನ್‌ಗಳ ಹಿಂಭಾಗ ಕತ್ತರಿಸಿ ಗಾಜಿನ ಪೆಟ್ಟಿಗೆ ಕೂರಿಸಿದರು. ನನ್ನನ್ನು ಕೇಳಿದರೆ, ಎಷ್ಟೋ ಚಾಸಿಗಳು ಗುಜರಿಗೆ ಹೋಗದೆ ಉಳಿದದ್ದೇ ಈ ಕೆಲಸದಿಂದ.

1952ರಲ್ಲಿ ಗಾಡಿ ಬೇರೆ ಕೌಂಟಿಗೆ ಹೋಯಿತು ಅಂತ ಒಂದು ಟಿಪ್ಪಣಿ. ಆ ಕೌಂಟಿಯ ರಿಜಿಸ್ಟರ್‌ಗಳು ಉಳಿದಿಲ್ಲ. ಜಾಡು ಅಲ್ಲಿಗೆ ನಿಂತಿತು. ಮುಂದಿನ ಕಾಗದ ಮಾರುವವರ ಫೈಲ್‌ನಲ್ಲೇ ಇತ್ತು: 1969ರ ಒಂದು ಕೈಬರಹದ ರಸೀದಿ, "ಒಂದು ರೋಲ್ಸ್‌ರಾಯ್ಸ್ ಚಾಸಿ, ಬಾಡಿ ಇಲ್ಲ". ಕೊಂಡವರು ಮಾರುವವರ ತಂದೆ. ಅವರು ಅದನ್ನು ಸುಮಾರು ಇಪ್ಪತ್ತು ವರ್ಷ ಶೆಡ್‌ನಲ್ಲಿಟ್ಟು, 1988ರಲ್ಲಿ ಹೊಸ ತೆರೆದ ಬಾಡಿ ಕಟ್ಟಿಸಿದ್ದರು. ಬಡಗಿಯ ಬಿಲ್ಲೂ ಅದೇ ಫೈಲ್‌ನ ಅಡಿಯಲ್ಲಿತ್ತು. ಎಲ್ಲರೂ ಮೊದಲ ಹಾಳೆ ಓದಿ ಮುಚ್ಚುತ್ತಿದ್ದರು, ಕೊನೆಯ ಹಾಳೆಯವರೆಗೆ ಯಾರೂ ಹೋಗಿರಲಿಲ್ಲ. ನಾನೂ ಸೇರಿ.

"ಹಾಗಾದ್ರೆ ಇದು ನಕಲಿನಾ?"

ಡಾಕ್ಟ್ರು ಕೇಳಿದ ಈ ಪ್ರಶ್ನೆಗೆ ಉತ್ತರ ಕೊಡಲು ಒಂದು ಹಳೆಯ ಮೊಕದ್ದಮೆ ನೆರವಾಯಿತು. 1929 ಮತ್ತು 1930ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಒಂದಿದೆ, 'ಓಲ್ಡ್ ನಂಬರ್ ಒನ್' ಅಂತ. ಅದನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ರೇಸ್ ಗೆದ್ದ ಕಾರೇ ಅಲ್ಲ, ಭಾಗಗಳೆಲ್ಲ ಬದಲಾಗಿವೆ ಅಂತ ತಕರಾರು ತೆಗೆದರು. 1990ರಲ್ಲಿ ಲಂಡನ್ನಿನ ನ್ಯಾಯಾಲಯ ಮಾರುವವರ ಪರ ತೀರ್ಪು ಕೊಟ್ಟಿತು. ಮೂಲ ಭಾಗಗಳು ಕಡಿಮೆ ಉಳಿದಿರಬಹುದು, ಆದರೆ ಕಾರಿನ ಬದುಕು ಮಧ್ಯೆ ಎಲ್ಲೂ ಕಡಿದುಹೋಗಿಲ್ಲ, ಆ ಹೆಸರು ಅದಕ್ಕೆ ಸಲ್ಲುತ್ತದೆ ಅನ್ನುವುದು ಅದರ ಸಾರ.

ನಮ್ಮ ಕಾರೂ ನಕಲಿಯಲ್ಲ. ಚಾಸಿ, ಎಂಜಿನ್ 1933ರದ್ದೇ. ತೊಂದರೆ ಆದದ್ದು ಬೇರೆ ಕಡೆ. ಇಂಥ ಕಾರಿಗೆ ಒಂದಲ್ಲ, ಮೂರು ಜಾತಕ. ಚಾಸಿಗೊಂದು, ಬಾಡಿಗೊಂದು, ನಂಬರ್ ಪ್ಲೇಟಿಗೊಂದು. ಇಂಗ್ಲೆಂಡಿನಲ್ಲಿ ನಂಬರನ್ನು ಒಂದು ಕಾರಿನಿಂದ ಇನ್ನೊಂದಕ್ಕೆ ಸಾಗಿಸಬಹುದು, ಮಾರಲೂಬಹುದು. ಬಾಡಿಯನ್ನು ಇಳಿಸಿ ಬೇರೆ ಚಾಸಿಗೆ ಏರಿಸಬಹುದು. ಒಂದರ ಜಾತಕ ತಂದು ಇನ್ನೊಂದಕ್ಕೆ ಅಂಟಿಸಿದರೆ ಮಹಾರಾಜರೂ ಬರುತ್ತಾರೆ, ಚಕ್ರವರ್ತಿಯೂ ಬರುತ್ತಾನೆ.

ಇನ್ನೊಂದು ಗಂಟು: "ಮೂರೇ ಮಾಲೀಕರು" ಅನ್ನುವ ಮಾತು. ಇಲ್ಲಿನ ವಿ5ಸಿ ಅನ್ನುವ ಪತ್ರ ನಮ್ಮ ಆರ್‌ಸಿ ಥರ ಕಾಣುತ್ತದೆ. ಆದರೆ ಅದರಲ್ಲಿರುವುದು ಕೀಪರ್ ಹೆಸರು, ಅಂದರೆ ವಾಹನವನ್ನು ಇಟ್ಟುಕೊಂಡಿರುವವರು, ತೆರಿಗೆ ಮತ್ತು ದಂಡಕ್ಕೆ ಹೊಣೆ ಆಗುವವರು. ಇದು ಮಾಲೀಕತ್ವಕ್ಕೆ ಪುರಾವೆ ಅಲ್ಲ ಅಂತ ಆ ಪತ್ರದ ಮೇಲೇ ಅಚ್ಚಾಗಿದೆ. ಅದರಲ್ಲಿ ಬರುವ ಹಿಂದಿನ ಕೀಪರ್‌ಗಳ ಲೆಕ್ಕವೂ ಕಾರು ಸ್ವಾನ್ಸಿಯ ಪಟ್ಟಿಗೆ ಸೇರಿದ ಮೇಲಿನದ್ದು. ಅದಕ್ಕೆ ಮುಂಚಿನ ಐವತ್ತು ವರ್ಷ ಅದರ ಕಣ್ಣಿಗೆ ಇಲ್ಲ.

ತೀರ್ಮಾನಗಳು

ಮಾರುವವರಿಗೆ ಹೇಗೆ ಹೇಳುವುದು ಅನ್ನುವುದೇ ಕಷ್ಟವಾಗಿತ್ತು. ಅವರು ಮೋಸಗಾರರಲ್ಲ. ಅಪ್ಪ ಹೇಳಿದ್ದನ್ನು ನಂಬಿದ್ದರು. ಡಾಕ್ಟ್ರು ಫೋನಿನಲ್ಲಿ ಹೇಳಲು ಒಪ್ಪಲಿಲ್ಲ. ಹೋಗಿ, ಎದುರು ಕೂತು, ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟರು. ಆ ಮನುಷ್ಯ ಮೊದಲು ಸಿಟ್ಟಾದರು. ಕೌಂಟಿಯ ಎರಡು ಸಾಲಿನ ಪತ್ರ ಓದಿದ ಮೇಲೆ ಸಿಟ್ಟು ಇಳಿಯಿತು. "ನನ್ನ ತಂದೆಗೆ ಯಾರೋ ಹೇಳಿರಬೇಕು" ಅಂದರು. ಇರಬಹುದು.

ಬೆಲೆ ಕಾಲು ಭಾಗದಷ್ಟು ಇಳಿಯಿತು. ಡಾಕ್ಟ್ರು ಕೊಂಡರು. ನಾನು ಬೇಡ ಅಂದಿದ್ದೆ, ನಿಜ ಹೇಳಬೇಕಂದರೆ. ಮೈಸೂರು ಹೋದ ಮೇಲೆ ಅವರಿಗೆ ಈ ಕಾರಿನಲ್ಲಿ ಏನು ಉಳಿಯಿತು ಅಂತ ನನ್ನ ಲೆಕ್ಕ. ಅವರು ಒಪ್ಪಲಿಲ್ಲ. ರಿಜಿಸ್ಟರ್ ಹಾಳೆಯ ಪ್ರತಿ ಹಿಡಿದು, "ನೋಡ್ರೀ, ಇಷ್ಟು ದುಡಿದಿದೆ ಇದು" ಅಂದರು.

ಹೆಣದ ಗಾಡಿಯ ವಿಷಯ ಫೈಲ್‌ನಲ್ಲಿ ಇರಬೇಕೋ ಬೇಡವೋ ಅನ್ನುವುದು ಮನೆಯಲ್ಲಿ ದೊಡ್ಡ ಚರ್ಚೆ. ಅವರ ಹೆಂಡತಿಗೆ ಇಷ್ಟವಿರಲಿಲ್ಲ. ಮಗಳ ಮದುವೆಗೆ ಅದೇ ಕಾರು ಅಂತ ಮಾತಾಗಿತ್ತು. ಕೊನೆಗೆ ಹಾಸನದಲ್ಲಿರುವ ಅಮ್ಮನಿಗೆ ಫೋನ್ ಹೋಯಿತು. ತೊಂಬತ್ತು ಹತ್ತಿರದ ಆ ತಾಯಿ, "ಗಾಡಿ ತೊಳೆಸಿದ್ದೀಯೇನೋ?" ಅಂತ ಕೇಳಿದರಂತೆ. "ಬಾಡಿನೇ ಹೊಸದು ಅಮ್ಮ." "ಮತ್ತೇನು? ಆಯುಧಪೂಜೆ ಮಾಡಿ ಓಡಿಸು." ಚರ್ಚೆ ಮುಗಿಯಿತು. 1947ರ ಹಾಳೆ ಫೈಲ್‌ನಲ್ಲಿ ಉಳಿಯಿತು.

ಹಳೆಯ ನಂಬರ್ ವಾಪಸ್ ಪಡೆಯಲು ಅರ್ಜಿ ಹಾಕಿದೆವು. ನಂಬರ್ ಮತ್ತು ಚಾಸಿಯನ್ನು ಜೋಡಿಸುವ ಹಳೆಯ ಪುರಾವೆ, ಮಾನ್ಯತೆ ಪಡೆದ ಕ್ಲಬ್ಬಿನ ಶಿಫಾರಸು ಎರಡೂ ಬೇಕು. ರಿಜಿಸ್ಟರ್ ಹಾಳೆ ಇದ್ದದ್ದರಿಂದ ಕೆಲಸವಾಯಿತು. ಹೀಗೆ ವಾಪಸ್ ಬಂದ ನಂಬರನ್ನು ಮಾರುವಂತಿಲ್ಲ, ಆ ಕಾರಿಗೇ ಕಟ್ಟಿಬಿದ್ದಿರುತ್ತದೆ. ಡಾಕ್ಟ್ರಿಗೆ ಅದೇ ಇಷ್ಟವಾಯಿತು.

ಟೈಪ್ ಮಾಡಿದ ಹಾಳೆಯನ್ನು ಹರಿದುಹಾಕೋಣ ಅಂದರು. ಬೇಡ ಅಂದೆ. ಅದೂ ಕಾರಿನ ಚರಿತ್ರೆಯೇ. ಈಗ ಅದು ಫೈಲ್‌ನ ಕೊನೆಯಲ್ಲಿದೆ, ಯಾವ ಕಾಲಕ್ಕೆ ಬರೆದದ್ದು, ಯಾಕೆ ನಂಬುವಂತಿಲ್ಲ ಅನ್ನುವ ಚೀಟಿಯ ಜೊತೆ. ಮೊದಲಲ್ಲಿ ಈಗ ಇರುವುದು ಇಸವಿ ಪ್ರಕಾರ ಹಾಳೆಗಳು. ಪ್ರತಿ ಹಾಳೆಯ ಕೆಳಗೆ ಆ ಮಾತು ಯಾವ ಕಾಗದದಿಂದ ಬಂತು ಅಂತ ಇದೆ. 1952ರಿಂದ 1969ರ ಹಾಳೆಯಲ್ಲಿ ಇಸವಿ ಬಿಟ್ಟರೆ ಏನೂ ಇಲ್ಲ.

ಹೋದ ತಿಂಗಳು ಡಾಕ್ಟ್ರು ಮತ್ತೆ ಫೋನ್ ಮಾಡಿದರು. 1952ರಲ್ಲಿ ಗಾಡಿ ಹೋದ ಕೌಂಟಿಯಲ್ಲಿ ಒಂದು ಹಳೆಯ ಶವಸಂಸ್ಕಾರದ ಮನೆತನದವರು ಸಿಕ್ಕಿದ್ದಾರಂತೆ. ಅವರ ಅಜ್ಜನ ಆಲ್ಬಂನಲ್ಲಿ ಒಂದು ರೋಲ್ಸ್‌ರಾಯ್ಸ್ ಹೆಣದ ಗಾಡಿಯ ಫೋಟೋ ಇದೆಯಂತೆ. ಕಳಿಸಿಕೊಟ್ಟರು, ನೋಡಿದೆ. ರೇಡಿಯೇಟರ್ ಸ್ಪಷ್ಟವಾಗಿದೆ. ನಂಬರ್ ಪ್ಲೇಟ್ ಎದುರು ಒಬ್ಬ ಟೋಪಿಯವನು ನಿಂತಿದ್ದಾನೆ.

"ಇದೇ ಇರಬೇಕು ಅಲ್ವಾ? ಹಾಳೆಗೆ ಸೇರಿಸೋಣವಾ?" ಅಂದರು ಡಾಕ್ಟ್ರು.

"ಬೇಡ ಡಾಕ್ಟ್ರೇ" ಅಂದೆ. "ಆ ಟೋಪಿಯವನು ಪಕ್ಕಕ್ಕೆ ಸರಿದ ಇನ್ನೊಂದು ಫೋಟೋ ಇದೆಯಾ ಕೇಳಿ."